‘ಅಗಿರ್ರೆ’ಯ ಗಾನವೃಂದ: ಒಂದು ವಾದ್ಯದ ಗುರುತಿನ ಪ್ರಶ್ನೆ

ಪೊಪೊಲ್ ವುಹ್ ತಂಡದ ‘ಅಗಿರ್ರೆ’ (1975) ಧ್ವನಿಮುದ್ರಿಕೆಯ ಆರಂಭದಲ್ಲಿ ಕೇಳುವ ಗಾನವೃಂದದಂಥ ನಾದ ಮೆಲೋಟ್ರಾನ್ ವಾದ್ಯದ್ದು ಎಂಬ ಮಾತು ಜರ್ಮನ್ ರಾಕ್ ಕುರಿತ ಬರವಣಿಗೆಯಲ್ಲಿ ಎಷ್ಟು ಸಲ ಬಂದಿದೆಯೆಂದರೆ, ಈಗ ಅದಕ್ಕೆ ಯಾರೂ ಆಧಾರವನ್ನೇ ಕೇಳುವುದಿಲ್ಲ. ಇನ್ನು ಕೆಲವರು ಅದನ್ನು ಮೋಗ್ ಸಿಂಥಸೈಜರ್ ಎನ್ನುತ್ತಾರೆ. ಎರಡೂ ನಿಲ್ಲುವ ಮಾತಲ್ಲ. ಆ ನಾದದ ಮೂಲದ ಬಗ್ಗೆ, ಅದು ಬಳಕೆಯಾದ ‘ಅಗಿರ್ರೆ’ ಚಿತ್ರದ ನಿರ್ದೇಶಕರೇ ಸಾಕ್ಷ್ಯ ನುಡಿದಿದ್ದಾರೆ. ಅದನ್ನು ಉದ್ಧರಿಸಿದವರು ಹಲವರು; ಪದಪದವಾಗಿ ಓದಿದವರು ಕಡಿಮೆ.

ಮೋಗ್ ವಾದವನ್ನು ಬೇಗ ಮುಗಿಸಬಹುದು. ತಂಡದ ಸ್ಥಾಪಕ ಫ್ಲೋರಿಯಾನ್ ಫ್ರಿಕೆ ಜರ್ಮನಿಯಲ್ಲಿ ಮೋಗ್ ಹೊಂದಿದ್ದ ಮೊದಲಿಗರಲ್ಲಿ ಒಬ್ಬರು. 1970ರ ಚೊಚ್ಚಲ ಧ್ವನಿಮುದ್ರಿಕೆ ‘ಆಫೆನ್‌ಷ್ಟುಂಡೆ’ ನಿಂತಿರುವುದೇ ಅದರ ಮೇಲೆ. ಆದರೆ ಅಂದಿನ ಮೋಗ್‌ಗೆ ಇದ್ದದ್ದು ಒಂದೇ ಕೊರಳು. ಒಂದು ಹೊತ್ತಿಗೆ ಒಂದೇ ಸ್ವರ. ಪದರ ಪದರವಾಗಿ ಮುದ್ರಿಸಿ ವೃಂದವನ್ನು ಕಟ್ಟಬಹುದಿತ್ತು, ನಿಜ. ಆದರೆ ‘ಅಗಿರ್ರೆ’ ಚಿತ್ರ ತೆರೆಕಂಡ 1972ರಲ್ಲೇ ಬಂದ ‘ಹೊಸಿಯಾನ್ನಾ ಮಂತ್ರ’ದಲ್ಲಿ ಫ್ರಿಕೆ ಮೋಗ್ ಬಿಟ್ಟು ಪಿಯಾನೊಗೆ ಮರಳಿದ್ದರು. ಮುಂದೆ ಆ ಯಂತ್ರ ಕ್ಲಾಸ್ ಶುಲ್ಟ್ಸ್ ಅವರ ಕೈ ಸೇರಿತು.

ಹಾಗಿದ್ದೂ ಮೋಗ್ ವಾದ ಏಕೆ ಉಳಿಯಿತು? ಧ್ವನಿಮುದ್ರಿಕೆಯನ್ನು ಒಂದೇ ಕಾಲದ ಕೃತಿಯೆಂದು ನಂಬಿದ್ದರಿಂದ. ಅದು ಹಾಗಿಲ್ಲ. ಹಲವು ಕೈಬರಹಗಳ ಗರಿಗಳನ್ನು ಒಂದೇ ಕಟ್ಟಿಗೆ ಪೋಣಿಸಿದ ಓಲೆಗರಿಯ ಹಸ್ತಪ್ರತಿಯಂತೆ ಅದನ್ನು ಓದಬೇಕು. ‘ಅಗಿರ್ರೆ’ ಹೆಸರು ಹೊತ್ತ ಎರಡು ಭಾಗಗಳು ಮಾತ್ರ ಚಿತ್ರದ ಸಂಗೀತ. ‘ಆಗ್ನುಸ್ ಡೇಯಿ’ಯ ಮೊದಲ ಪಾಠ 1973ರ ‘ಸೆಲಿಗ್‌ಪ್ರೈಸುಂಗ್’ನಲ್ಲಿದೆ. ‘ಮೊರ್ಗನ್‌ಗ್ರೂಸ್’ನ ಮೊದಲ ಪಾಠ ಇನ್ನೂ ಈಚಿನ ‘ಐನ್ಸ್‌ಯೇಗರ್ ಉಂಡ್ ಸೀಬೆನ್‌ಯೇಗರ್’ನಲ್ಲಿದೆ. ಇಲ್ಲಿರುವುದು ಇವೆರಡರ ಪಾಠಾಂತರಗಳು. ಕೊನೆಯ ಸುದೀರ್ಘ ‘ಫೆರ್‌ಗೆಗೆನ್‌ವೆರ್ಟಿಗುಂಗ್’ ಮೋಗ್ ಕಾಲದ ಶೈಲಿಯದು. ಮೋಗ್ ವಾದಿಗಳು ಕೇಳಿಸಿಕೊಂಡಿರುವುದು ಈ ಕೊನೆಯ ಗರಿಯನ್ನು. ತೀರ್ಪು ಕೊಟ್ಟಿರುವುದು ಮೊದಲನೆಯದರ ಬಗ್ಗೆ. ಗ್ರಂಥಸಂಪಾದನೆಯಲ್ಲಿ ಪ್ರಕ್ಷಿಪ್ತ ಭಾಗವನ್ನು ಹಿಡಿದು ಕವಿಯ ಕಾಲ ನಿರ್ಣಯಿಸಿದರೆ ಯಾರೂ ಒಪ್ಪುವುದಿಲ್ಲ. ಸಂಗೀತದ ಚರಿತ್ರೆಗೆ ಬೇರೆ ನ್ಯಾಯ ಇರಬಾರದು.

ಮೆಲೋಟ್ರಾನ್ ವಾದ ಇಷ್ಟು ಸಲೀಸಾಗಿ ಬೀಳುವಂಥದ್ದಲ್ಲ. ಅದರ ಪರವಾಗಿ ಒಂದು ಬಲವಾದ ಅಂಶವಿದೆ. ಅದಿರುವುದು ನಿರ್ದೇಶಕ ವೆರ್ನರ್ ಹೆರ್ಜೋಗ್ ಅವರ ಸಾಕ್ಷ್ಯದಲ್ಲೇ. ಅವರು ಹೇಳಿದ್ದರ ಸಾರ ಇಷ್ಟು: ತಾವು ಬಳಸಿದ್ದು ಒಂದು ವಿಚಿತ್ರ ವಾದ್ಯ, ಅದನ್ನು ತಾವು ‘ಕ್ವಾಯರ್ ಆರ್ಗನ್’ ಎನ್ನುತ್ತಿದ್ದೆವು, ಅದರೊಳಗೆ ಸುಮಾರು ಮೂರು ಡಜನ್ ಟೇಪುಗಳು ಸುರುಳಿಯಾಗಿ, ಏಕಕಾಲಕ್ಕೆ ಓಡುತ್ತಿದ್ದವು, ಕೀಲಿಮಣೆಯ ಮೂಲಕ ಅವನ್ನು ಆರ್ಗನ್ನಿನಂತೆ ನುಡಿಸಬಹುದಿತ್ತು, ನಾದ ಮನುಷ್ಯರ ಗಾನವೃಂದದಂತಿದ್ದೂ ಕೃತಕವಾಗಿತ್ತು.

ಮೆಲೋಟ್ರಾನ್ ಪಕ್ಷದವರು ಹಿಡಿಯುವುದು ‘ಮೂರು ಡಜನ್’ ಎಂಬ ಮಾತನ್ನು. 1970ರಲ್ಲಿ ಬಂದ ಎಂ400 ಮಾದರಿಯ ಮೆಲೋಟ್ರಾನಿಗೆ 35 ಕೀಲಿಗಳು, ಕೀಲಿಗೊಂದು ಟೇಪು. ಮೂರು ಡಜನ್ ಎಂದರೆ 36. ಅಂಕಿಗಳು ಇಷ್ಟು ಹತ್ತಿರ ಬಂದಾಗ ಮನಸ್ಸು ಅತ್ತ ವಾಲುವುದು ಸಹಜ. ಆದರೆ ಮೂರು ಆಕ್ಟೇವಿನ ಆಸುಪಾಸಿನ ಯಾವ ಕೀಲಿಮಣೆಗೂ ಕೀಲಿಗಳು ಅಷ್ಟೇ ಇರುತ್ತವೆ. ಇದು ಮೆಲೋಟ್ರಾನಿನ ಹೆಬ್ಬೆರಳ ಗುರುತಲ್ಲ. ಸಾಕ್ಷ್ಯದ ತಿರುಳು ಇರುವುದು ಎಣಿಕೆಯಲ್ಲಲ್ಲ, ‘ಸುರುಳಿಯಾಗಿ’, ‘ಏಕಕಾಲಕ್ಕೆ’ ಎಂಬೆರಡು ಮಾತುಗಳಲ್ಲಿ.

ಮೆಲೋಟ್ರಾನ್ ಕೆಲಸ ಮಾಡುವ ಬಗೆ ಇದಕ್ಕೆ ನೇರ ವಿರುದ್ಧ. ಅದರ ಟೇಪು ಸುರುಳಿಯಲ್ಲ, ಎರಡು ತುದಿಯಿರುವ ಪಟ್ಟಿ. ಬೆರಳು ಕೀಲಿಯನ್ನು ಒತ್ತಿದಾಗ ಮಾತ್ರ ಅದು ಓಡುತ್ತದೆ. ಸುಮಾರು 8 ಸೆಕೆಂಡಿಗೆ ಪಟ್ಟಿ ಮುಗಿಯುತ್ತದೆ. ಕೈ ತೆಗೆದರೆ ಸ್ಪ್ರಿಂಗ್ ಅದನ್ನು ಹಿಂದಕ್ಕೆಳೆಯುತ್ತದೆ. ಹಾಗಾಗಿ ಪ್ರತಿ ಒತ್ತಿಗೂ ಗಾಯಕರು ದನಿ ಎತ್ತಿದ ಮೊದಲ ಕ್ಷಣದಿಂದಲೇ ನಾದ ಶುರುವಾಗಬೇಕು. ಹೆರ್ಜೋಗ್ ವರ್ಣಿಸುವ ವಾದ್ಯದಲ್ಲಿ ಟೇಪುಗಳು ಸದಾ ಓಡುತ್ತಲೇ ಇರುತ್ತವೆ. ಕೀಲಿಗೆ ಉಳಿಯುವ ಕೆಲಸ ಬಾಗಿಲು ತೆರೆಯುವುದಷ್ಟೇ. ನಮ್ಮ ಶ್ರುತಿಪೆಟ್ಟಿಗೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ತಿದಿಯ ಗಾಳಿ ಮೊದಲೇ ತುಂಬಿರುತ್ತದೆ; ರಂಧ್ರ ತೆರೆದರೆ ಸ್ವರ ಕೇಳುತ್ತದೆ, ಮುಚ್ಚಿದರೆ ಅಡಗುತ್ತದೆ. ಎಣಿಕೆಯಲ್ಲಿ ನೆನಪು ಒಂದೆರಡು ಆಚೀಚೆ ಆಗಬಹುದು. ಪೆಟ್ಟಿಗೆಯೊಳಗೆ ನಿಂತ ಪಟ್ಟಿಗಳನ್ನು ಕಂಡವರು ಟೇಪುಗಳೆಲ್ಲ ಒಟ್ಟಿಗೆ ತಿರುಗುತ್ತಿದ್ದವೆಂದು ತಪ್ಪಾಗಿ ನೆನೆಯುವುದು ಕಷ್ಟ.

ಕಿವಿಯೂ ಇದನ್ನೇ ಹೇಳುತ್ತದೆ. ಪೆರುವಿನ ಆಂಡಿಸ್ ಬೆಟ್ಟದ ಕಡಿದಾದ ಇಳಿಜಾರಿನಲ್ಲಿ, ಮಂಜಿನ ನಡುವೆ, ಸ್ಪೇನಿನ ಪಡೆ ಇರುವೆಸಾಲಿನಂತೆ ಇಳಿಯುವ ಮೊದಲ ದೃಶ್ಯದಲ್ಲಿ ದನಿ ಏಳುವ ಕ್ಷಣವೇ ನನಗೆ ಕೇಳಿಸುವುದಿಲ್ಲ. ಇದ್ದ ನಾದವೇ ಬೆಟ್ಟದ ಮರೆಯಿಂದ ಹೊರಬಂದಂತಿದೆ. ಆದರೂ ಇದನ್ನು ಮುಖ್ಯ ಆಧಾರವಾಗಿ ನಾನು ಮುಂದಿಡುವುದಿಲ್ಲ. ಮುದ್ರಣದಲ್ಲಿ ಸೇರಿರುವ ಪ್ರತಿಧ್ವನಿ ಸ್ವರಗಳ ಅಂಚನ್ನು ಮಸುಕಾಗಿಸಿದೆ. ಬರೀ ಕಿವಿಯನ್ನು ನಂಬಿದ್ದರಿಂದಲೇ ಹಿಂದಿನವರು ಮೆಲೋಟ್ರಾನ್ ಎಂದದ್ದು.

ಇನ್ನೊಂದು ಆಕ್ಷೇಪ ಉಳಿಯುತ್ತದೆ. ಹೆರ್ಜೋಗ್ ವಾಸ್ತವದ ಲೆಕ್ಕಪತ್ರಕ್ಕಿಂತ ದೊಡ್ಡ ಸತ್ಯವೊಂದಿದೆ ಎಂದು ಬಹಿರಂಗವಾಗಿ ಸಾರಿದವರು. ಅವರ ಮಾತನ್ನು ಹೇಗೆ ನಂಬುವುದು? ಪ್ರಶ್ನೆ ಸರಿಯಾದದ್ದೇ. ಹಾಗಾಗಿ ಅವರ ಹೊರಗಿನ ಸಾಕ್ಷ್ಯ ಬೇಕು, ಅದು ಇದೆ. ಮ್ಯೂನಿಕ್‌ನ ಇನ್ನೊಂದು ತಂಡವಾದ ಆಮೋನ್ ಡ್ಯೂಲ್ 2, ‘ಟಾಂಟ್ಸ್ ಡೆರ್ ಲೆಮ್ಮಿಂಗೆ’ ಧ್ವನಿಮುದ್ರಿಕೆಯನ್ನು 1971ರಲ್ಲಿ ಹೊರತಂದಿತು. ಅದರ ವಾದ್ಯವಿವರದಲ್ಲಿ ಜಿಮ್ಮಿ ಜ್ಯಾಕ್ಸನ್ ಹೆಸರಿನ ಮುಂದೆ ಆರ್ಗನ್, ಪಿಯಾನೊಗಳ ಜೊತೆಗೆ ‘ಕ್ವಾಯರ್ ಆರ್ಗನ್’ ಎಂದೂ ಇದೆ. ಚಿತ್ರಕ್ಕೆ ಒಂದು ವರ್ಷ ಮೊದಲು, ಫ್ರಿಕೆ ಇದ್ದ ಊರಿನಲ್ಲೇ, ಈ ಚಿತ್ರದ ಗೊಡವೆಯಿಲ್ಲದವರು ಅದೇ ಹೆಸರನ್ನು ಅಚ್ಚು ಹಾಕಿಸಿದ್ದಾರೆ. ಹೆರ್ಜೋಗ್ ಆ ಹೆಸರನ್ನು ಆಮೇಲೆ ಹುಟ್ಟಿಸಿದರು ಎಂಬ ಶಂಕೆಗೆ ಇಲ್ಲಿಗೆ ತೆರೆ ಬೀಳಬೇಕು. (ಆಮೋನ್ ಡ್ಯೂಲ್ 2ರ ಡ್ಯಾನಿಯಲ್ ಫಿಷೆಲ್ಶರ್ ಮುಂದೆ ಪೊಪೊಲ್ ವುಹ್ ಸೇರಿದ್ದನ್ನು ಇಲ್ಲಿ ಆಧಾರವಾಗಿ ತರಬಾರದು. ಅದು ಚಿತ್ರದ ನಂತರದ ಸಂಗತಿ. ನನ್ನ ವಾದಕ್ಕೆ ಅನುಕೂಲವೆಂಬ ಕಾರಣಕ್ಕೆ ಕಾಲಾನುಕ್ರಮವನ್ನು ಬಗ್ಗಿಸಲಾರೆ.) ಎರಡೂ ಕಡೆ ನುಡಿದದ್ದು ಒಂದೇ ಪೆಟ್ಟಿಗೆ ಎಂದು ಇದರಿಂದ ಸಿದ್ಧವಾಗದು. ಆ ಹೆಸರಿನ ವಾದ್ಯ ಆ ಊರಿನಲ್ಲಿ ಬಳಕೆಯಲ್ಲಿತ್ತು ಎಂಬಷ್ಟು ಸಿದ್ಧವಾಗುತ್ತದೆ. ನನ್ನ ವಾದಕ್ಕೆ ಅಷ್ಟು ಸಾಕು.

ವಾದ್ಯದ ಹೆಸರಿಗೆ ಇಷ್ಟು ಹಟವೇಕೆ? ಮೆಲೋಟ್ರಾನ್ ಎಂದಾಗ, ಅಂದು ಇಂಗ್ಲೆಂಡಿನ ರಾಕ್ ತಂಡಗಳೆಲ್ಲ ಬಳಸುತ್ತಿದ್ದ ಸಿದ್ಧ ಸರಕನ್ನು ಫ್ರಿಕೆಯೂ ಕೊಂಡರು ಎಂದಾಗುತ್ತದೆ. ಅವರ ಆಯ್ಕೆ ಅದಲ್ಲ. ಸುರುಳಿ ಟೇಪಿನ ಗಾಯಕರು ಉಸಿರೆಳೆದುಕೊಳ್ಳುವುದಿಲ್ಲ, ದಣಿಯುವುದಿಲ್ಲ, ಹಾಡಿ ಮುಗಿಸುವುದಿಲ್ಲ. ಚಿತ್ರದ ಕೊನೆಯಲ್ಲಿ ಎಲ್ಲರನ್ನೂ ಕಳೆದುಕೊಂಡ ನಾಯಕ ಅಗಿರ್ರೆ ಕೋತಿಗಳು ತುಂಬಿದ ತೆಪ್ಪದಲ್ಲಿ ನಿಂತು ಸಾಮ್ರಾಜ್ಯದ ಕನಸನ್ನೇ ಹೇಳಿಕೊಳ್ಳುತ್ತಾನೆ. ಕ್ಯಾಮೆರಾ ಅವನ ತೆಪ್ಪವನ್ನು ಸುತ್ತುತ್ತದೆ. 8 ಸೆಕೆಂಡಿಗೆ ಉಸಿರು ಮುಗಿಯುವ ವೃಂದ ಈ ಚಿತ್ರದ್ದಾಗಲಾರದು.