ಗಾಲ್ಫ್ ಕ್ಲಬ್ಬಿನ ನಡಾವಳಿ: ಒಂದು ಇತಿಹಾಸ, ಒಂದು ಪಾಠ

ನಾಲ್ಕು ಜನ ಒಂದೆಡೆ ಕೂಡಿದಲ್ಲಿ ನಾಲ್ಕು ನಿಯಮಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಊರ ಚಾವಡಿಯಲ್ಲಿ ಯಾರು ಎಲ್ಲಿ ಕುಳಿತುಕೊಳ್ಳಬೇಕು, ಭಜನೆಯಲ್ಲಿ ಯಾರು ಮೊದಲು ದನಿ ಎತ್ತಬೇಕು, ಊಟದ ಪಂಕ್ತಿಯಿಂದ ಯಾವಾಗ ಏಳಬೇಕು ಎಂಬುದನ್ನು ನಮ್ಮ ಹಿರಿಯರು ಬರೆದಿಟ್ಟಿರಲಿಲ್ಲ. ಆದರೂ ಅದು ಎಲ್ಲರಿಗೂ ತಿಳಿದಿತ್ತು. ಕಳೆದ ವರ್ಷ ಸಂಘದ ಕೆಲವು ತರುಣರು ನಮ್ಮ ಮನೆಗೆ ಬಂದು, ಸದಸ್ಯರು ಪಾಲಿಸಬೇಕಾದ ನಡಾವಳಿಯ ನಿಯಮಗಳನ್ನು ಬರೆದುಕೊಡಬೇಕೆಂದು ಕೇಳಿಕೊಂಡರು. ಅವರಲ್ಲೊಬ್ಬನು ನಗುತ್ತ, "ಸರ, ನಾವೇನು ಗಾಲ್ಫ್ ಕ್ಲಬ್ಬಿನವರೇನ್ರಿ, ನಿಯಮದ ಪುಸ್ತಕ ಇಟ್ಟುಕೊಳ್ಳಾಕ?" ಎಂದನು. ಎಲ್ಲರೂ ನಕ್ಕೆವು. ಕುಪವಾಡದ ಕೈಗಾರಿಕಾ ವಸಾಹತಿನ ಶೆಡ್ಡುಗಳ ನಡುವೆ ಬದುಕುವ ನಮಗೆ ಗಾಲ್ಫ್ ಎಂದರೆ ದೂರದರ್ಶನದಲ್ಲಿ ಕಾಣುವ ಹಸಿರು ಹುಲ್ಲು ಮಾತ್ರ. ಆದರೆ ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಗಾಲ್ಫ್ ಕ್ಲಬ್ಬಿನವರು ನಿಜವಾಗಿಯೂ ಯಾವ ನಿಯಮಗಳನ್ನು ಮಾಡಿಕೊಂಡರು, ಅವು ಅವರನ್ನು ಎಲ್ಲಿಗೆ ಕರೆದೊಯ್ದವು ಎಂದು ಓದತೊಡಗಿದೆವು. ಆ ಓದಿನ ಸಾರವೇ ಈ ಲೇಖನ.

ಗಾಲ್ಫ್ ಸ್ಕಾಟ್ಲೆಂಡಿನ ಆಟ. ಜನ ಬಿಲ್ಲುವಿದ್ಯೆಯ ಅಭ್ಯಾಸವನ್ನು ಬಿಟ್ಟು ಈ ಆಟಕ್ಕೆ ಮರುಳಾದರೆಂದು 1457ರಲ್ಲಿ ಅಲ್ಲಿಯ ಸಂಸತ್ತು ಇದನ್ನು ನಿಷೇಧಿಸಿತ್ತು. ನಿಷೇಧ ಉಳಿಯಲಿಲ್ಲ, ಆಟ ಉಳಿಯಿತು. 1744ರಲ್ಲಿ ಎಡಿನ್‌ಬರೊ ನಗರದವರು ಲೀತ್ ಎಂಬಲ್ಲಿಯ ಆಟಗಾರರ ಸ್ಪರ್ಧೆಗೆ ಬೆಳ್ಳಿಯ ದಾಂಡೊಂದನ್ನು ಬಹುಮಾನವಾಗಿ ಕೊಟ್ಟರು. ಸ್ಪರ್ಧೆ ಎಂದಮೇಲೆ ಜಗಳ ಬರುವುದುಂಟು. ಆದ್ದರಿಂದ ಆಟಗಾರರು ಕೂಡಿ 13 ನಿಯಮಗಳನ್ನು ಬರೆದರು. ಇಂದು ನಮಗೆ ತಿಳಿದಿರುವ ಗಾಲ್ಫ್ ನಿಯಮಗಳಲ್ಲಿ ಅತ್ಯಂತ ಹಳೆಯವು ಇವೇ. ಆ ವರ್ಷ ಗೆದ್ದವನು ಜಾನ್ ರಾಟ್ರೆ ಎಂಬ ಶಸ್ತ್ರವೈದ್ಯ. ಹತ್ತು ವರ್ಷಗಳ ತರುವಾಯ, 1754ರಲ್ಲಿ, ಸೇಂಟ್ ಆಂಡ್ರೂಸಿನ ಆಟಗಾರರು ಹೆಚ್ಚುಕಡಿಮೆ ಇವೇ ನಿಯಮಗಳನ್ನು ತಮ್ಮವಾಗಿ ಮಾಡಿಕೊಂಡರು.

ಆ ಹದಿಮೂರನ್ನು ಓದಿದರೆ ಸೋಜಿಗವೆನಿಸುತ್ತದೆ. ಅವುಗಳಲ್ಲಿ ಉಡುಪಿನ ಮಾತಿಲ್ಲ, ಕುಲಗೋತ್ರದ ಮಾತಿಲ್ಲ. ಕುಳಿಯಿಂದ ಯಾರ ಚೆಂಡು ಹೆಚ್ಚು ದೂರದಲ್ಲಿದೆಯೋ ಅವನು ಮೊದಲು ಹೊಡೆಯಬೇಕು. ಕುಳಿಯ ಸಮೀಪ ಪ್ರಾಮಾಣಿಕವಾಗಿ ಕುಳಿಯ ಕಡೆಗೇ ಆಡಬೇಕು; ಎದುರಾಳಿಯ ಚೆಂಡಿಗೆ ಗುರಿಯಿಡಬಾರದು. ಹೊಡೆದ ಚೆಂಡನ್ನು ಮನುಷ್ಯ, ಕುದುರೆ, ನಾಯಿ, ಯಾವುದೇ ತಡೆದರೂ ಅದು ನಿಂತಲ್ಲಿಂದಲೇ ಆಡಬೇಕು. ನೀರಿನಲ್ಲಿಯೋ ಕೆಸರಿನಲ್ಲಿಯೋ ಬಿದ್ದರೆ ಹೊರತೆಗೆಯಬಹುದು, ಆದರೆ ಅದಕ್ಕಾಗಿ ಎದುರಾಳಿಗೆ ಒಂದು ಹೊಡೆತದ ಲಾಭ ಬಿಟ್ಟುಕೊಡಬೇಕು. ಒಂದು ಮಾತಿನಲ್ಲಿ ಹೇಳುವುದಾದರೆ, ಈ ನಿಯಮಗಳೆಲ್ಲ ಆಡುವವನ ಕೈಯನ್ನು ಕಟ್ಟುವಂಥವು. ಮತ್ತೊಬ್ಬನ ದಾರಿಯನ್ನು ಕಟ್ಟುವಂಥವಲ್ಲ.

ಮುಂದೆ ಈ ಬೀಜದಿಂದ ಶಿಷ್ಟಾಚಾರದ ದೊಡ್ಡ ಮರವೇ ಬೆಳೆಯಿತು. ಒಬ್ಬನು ಹೊಡೆಯಲು ನಿಂತಾಗ ಉಳಿದವರು ಮಾತನಾಡಬಾರದು, ಅಲುಗಾಡಬಾರದು, ಅವನ ಚೆಂಡಿನ ದಾರಿಯ ಮೇಲೆ ನೆರಳು ಬೀಳಿಸಬಾರದು. ದಾಂಡು ತಗುಲಿ ಹುಲ್ಲಿನ ಹೆಂಟೆ ಎದ್ದರೆ ಅದನ್ನು ಮತ್ತೆ ಅದರ ಜಾಗದಲ್ಲಿಟ್ಟು ತುಳಿದು ಕೂರಿಸಬೇಕು. ಮರಳುಗುಂಡಿಯಿಂದ ಹೊರಬರುವಾಗ ತನ್ನ ಹೆಜ್ಜೆಯ ಗುರುತನ್ನು ತಾನೇ ಹಲುಬೆಯಿಂದ ಸರಿಪಡಿಸಬೇಕು. ತಾವು ನಿಧಾನವಾಗಿ ಆಡುತ್ತಿದ್ದರೆ ಹಿಂದಿನಿಂದ ಬರುವವರಿಗೆ ದಾರಿ ಬಿಡಬೇಕು. ಚೆಂಡು ಯಾರದಾದರೂ ಕಡೆಗೆ ಹೋದರೆ ಕೂಗಿ ಎಚ್ಚರಿಸಬೇಕು. ಆಟ ಮುಗಿದ ಮೇಲೆ ಟೊಪ್ಪಿಗೆ ತೆಗೆದು ಕೈಕುಲುಕಬೇಕು. ಬಹುಕಾಲ ಗಾಲ್ಫ್ ನಿಯಮಪುಸ್ತಕದ ಮೊದಲ ಭಾಗವೇ ಶಿಷ್ಟಾಚಾರವಾಗಿತ್ತು. 2019ರಲ್ಲಿ ನಿಯಮಗಳನ್ನು ಹೊಸದಾಗಿ ಬರೆದಾಗ ಆ ಭಾಗವನ್ನು ಬೇರೆಯಾಗಿ ಇಡದೆ, ಆಟಗಾರನ ನಡತೆಯನ್ನು ಮೊದಲ ನಿಯಮದಲ್ಲಿಯೇ ಸೇರಿಸಿದರು.

ಇದಕ್ಕೆ ಕಾರಣವುಂಟು. ಕಬಡ್ಡಿಯಲ್ಲಿಯೂ ಕ್ರಿಕೆಟ್ಟಿನಲ್ಲಿಯೂ ಪಂಚನು ಪಕ್ಕದಲ್ಲಿಯೇ ನಿಂತಿರುತ್ತಾನೆ. ಗಾಲ್ಫ್ ಆಟಗಾರನಾದರೋ ಮೈಲುಗಟ್ಟಲೆ ನಡೆಯುತ್ತ, ಹಲವು ಸಲ ಯಾರ ಕಣ್ಣಿಗೂ ಬೀಳದ ಪೊದೆಯ ಮರೆಯಲ್ಲಿ ಆಡುತ್ತಾನೆ. ಅಲ್ಲಿ ಅವನಿಗೆ ಅವನೇ ಪಂಚ. 1925ರ ಅಮೆರಿಕದ ಓಪನ್ ಸ್ಪರ್ಧೆಯಲ್ಲಿ ಬಾಬಿ ಜೋನ್ಸ್ ಎಂಬ ಪ್ರಸಿದ್ಧ ಆಟಗಾರನು, ತಾನು ಹೊಡೆಯಲು ಸಿದ್ಧನಾದಾಗ ಚೆಂಡು ತುಸು ಅಲುಗಿತೆಂದು ತಾನೇ ಹೇಳಿ, ತನ್ನ ಮೇಲೆ ಒಂದು ಹೊಡೆತದ ದಂಡ ಹಾಕಿಕೊಂಡನು. ಬೇರಾರೂ ಅದನ್ನು ನೋಡಿರಲಿಲ್ಲ. ಕೊನೆಯಲ್ಲಿ ಅವನ ಲೆಕ್ಕವೂ ವಿಲ್ಲಿ ಮ್ಯಾಕ್‌ಫರ್ಲೇನನ ಲೆಕ್ಕವೂ ಸಮವಾಗಿ, ಮರು ಆಟದಲ್ಲಿ ಜೋನ್ಸ್ ಸೋತನು. ಆ ಒಂದು ಹೊಡೆತವನ್ನು ಬಚ್ಚಿಟ್ಟಿದ್ದರೆ ಕಿರೀಟ ಅವನದಾಗುತ್ತಿತ್ತು. ಜನ ಹೊಗಳಿದಾಗ, ಬ್ಯಾಂಕು ದೋಚದಿದ್ದುದಕ್ಕೆ ಯಾರನ್ನಾದರೂ ಹೊಗಳುತ್ತಾರೆಯೇ ಎಂಬರ್ಥದ ಮಾತನ್ನು ಅವನು ಆಡಿದನೆಂದು ಪ್ರಸಿದ್ಧಿಯಿದೆ.

ಇಂಥ ಮರ್ಯಾದೆ ನಮ್ಮ ಸೀಮೆಗೆ ಹೊಸದೇನಲ್ಲ. ಮಿರಜ, ಸಾಂಗಲಿ, ಕೊಲ್ಲಾಪುರಗಳ ತಾಲೀಮುಗಳನ್ನು ಕಂಡವರಿಗೆ ಇದು ತಿಳಿದ ಮಾತು. ಪಾದರಕ್ಷೆ ಹೊರಗೆ ಬಿಟ್ಟು, ಮಾರುತಿಗೆ ಕೈಮುಗಿದು, ಕೆಂಪು ಮಣ್ಣನ್ನು ಹಣೆಗೆ ಹಚ್ಚಿಕೊಂಡೇ ಪೈಲ್ವಾನನು ಅಖಾಡಕ್ಕೆ ಇಳಿಯುತ್ತಾನೆ. ಸಲಾಮಿ ಮಾಡಿ ಕುಸ್ತಿ ಹಿಡಿಯುತ್ತಾನೆ. ಗೆದ್ದವನು ಬಿದ್ದವನನ್ನು ಎಬ್ಬಿಸುತ್ತಾನೆ. ಮಿರಜ ತಾಲೂಕಿನ ಕವಠೇ ಪಿರಾನದ ಮಾರುತಿ ಮಾನೆಯವರು 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದುದು ಇಂಥ ಮಣ್ಣಿನ ಬಲದಿಂದಲೇ. ಸ್ಕಾಟ್ಲೆಂಡಿನ ಹುಲ್ಲಾಗಲಿ ನಮ್ಮ ಕೆಂಪು ಮಣ್ಣಾಗಲಿ, ಆಡುವ ನೆಲವನ್ನು ಗೌರವಿಸು, ಎದುರಾಳಿಯನ್ನು ಗೌರವಿಸು ಎಂಬ ಪಾಠ ಒಂದೇ.

ಇಲ್ಲಿಗೇ ಕಥೆ ಮುಗಿದಿದ್ದರೆ ಈ ಲೇಖನ ಬರೆಯಬೇಕಾದ ಅಗತ್ಯವಿರಲಿಲ್ಲ. ಗಾಲ್ಫಿಗೆ ಮೈದಾನವಿದ್ದಂತೆ ಮನೆಯೂ ಇದೆ. ಅದನ್ನು ಕ್ಲಬ್ ಹೌಸ್ ಎನ್ನುತ್ತಾರೆ. ಮೈದಾನದ ನಿಯಮಗಳು ಒಂದು ದಾರಿ ಹಿಡಿದರೆ ಮನೆಯ ನಿಯಮಗಳು ಬೇರೆ ದಾರಿ ಹಿಡಿದವು. ಬ್ರಿಟಿಷರೊಡನೆ ಈ ಆಟ ನಮ್ಮ ದೇಶಕ್ಕೆ ಬಂದಿತು. ಕಲ್ಕತ್ತೆಯಲ್ಲಿ 1829ರಲ್ಲಿ ಸ್ಥಾಪನೆಯಾದ ಗಾಲ್ಫ್ ಕ್ಲಬ್ಬು ಬ್ರಿಟಿಷ್ ದ್ವೀಪಗಳ ಹೊರಗೆ ಅತ್ಯಂತ ಹಳೆಯದು. ನಮ್ಮ ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರದು. ಆ ಕಾಲದ ಯುರೋಪಿಯನ್ ಕ್ಲಬ್ಬುಗಳಲ್ಲಿ ಸಾಮಾನ್ಯವಾಗಿ ಭಾರತೀಯರಿಗೆ ಸದಸ್ಯತ್ವವಿರಲಿಲ್ಲ. ಚೀಲ ಹೊರುವ, ಚೆಂಡು ಹುಡುಕುವ, ಹುಲ್ಲು ಕತ್ತರಿಸುವ ಕೆಲಸಕ್ಕೆ ಮಾತ್ರ ಪ್ರವೇಶವಿತ್ತು. ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಳತನದಲ್ಲಿ 1917ರಲ್ಲಿ ಬೆಂಗಳೂರಿನಲ್ಲಿ ನೂರು ಸದಸ್ಯರ ಸೆಂಚುರಿ ಕ್ಲಬ್ಬು ಹುಟ್ಟಿದುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಮುಂಬಯಿಯ ಗವರ್ನರ್ ಲಾರ್ಡ್ ವಿಲ್ಲಿಂಗ್ಡನ್ನರು ಭಾರತೀಯರೂ ಯುರೋಪಿಯನ್ನರೂ ಕೂಡಿ ಆಡುವ ಕ್ಲಬ್ಬೊಂದನ್ನು ತೆರೆದರು.

ಪರಕೀಯರು ಹೋದ ಮೇಲೂ ಬಾಗಿಲಿನ ನಿಯಮಗಳು ಕೆಲವೆಡೆ ಹಾಗೆಯೇ ಉಳಿದವು. 2014ರ ಜುಲೈಯಲ್ಲಿ ಚೆನ್ನೈಯ ಕ್ಲಬ್ಬೊಂದರಲ್ಲಿ ಪಂಚೆ ಉಟ್ಟು ಬಂದ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯೊಬ್ಬರನ್ನು ಒಳಗೆ ಬಿಡಲಿಲ್ಲ. ಮರುತಿಂಗಳೇ ತಮಿಳುನಾಡಿನ ವಿಧಾನಸಭೆ ಇಂಥ ತಡೆಯನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡುವ ಕಾನೂನನ್ನು ಅಂಗೀಕರಿಸಿತು. ನ್ಯಾಯಮೂರ್ತಿಗೇ ಹೀಗಾದರೆ ಸಾಮಾನ್ಯ ಒಕ್ಕಲಿಗನ ಧೋತರದ ಗತಿಯೇನು?

ಇನ್ನೂ ನೋವಿನ ಪ್ರಸಂಗವೊಂದಿದೆ. ದಕ್ಷಿಣ ಆಫ್ರಿಕದ ಭಾರತೀಯ ಮೂಲದ 'ಪಾಪ್ವಾ' ಸೆವ್‌ಗೋಲಮ್ ಎಂಬಾತನು ಬಾಲ್ಯದಲ್ಲಿ ಪರರ ಚೀಲ ಹೊತ್ತು, ನೋಡಿ ನೋಡಿಯೇ ಗಾಲ್ಫ್ ಕಲಿತವನು. ದಾಂಡು ಹಿಡಿಯುವಾಗ ಅವನ ಕೈಗಳು ಎಲ್ಲರಿಗಿಂತ ಅದಲುಬದಲಾಗಿದ್ದವು. 1959ರಲ್ಲಿ ಹಾಲೆಂಡಿಗೆ ಹೋಗಿ ಡಚ್ ಓಪನ್ ಗೆದ್ದನು. ಮರುವರ್ಷ ಮತ್ತೆ ಗೆದ್ದನು. 1963ರಲ್ಲಿ ಡರ್ಬನ್ನಿನಲ್ಲಿ ಬಿಳಿಯ ಆಟಗಾರರನ್ನು ಸೋಲಿಸಿ ನಟಾಲ್ ಓಪನ್ ಗೆದ್ದ ದಿನ ಮಳೆ ಬಂದಿತು. ವರ್ಣಭೇದದ ಕಟ್ಟಳೆಯಂತೆ ಅವನಿಗೆ ಕ್ಲಬ್ ಹೌಸಿನೊಳಗೆ ಪ್ರವೇಶವಿರಲಿಲ್ಲ. ಸೋತವರು ಒಳಗೆ ಬೆಚ್ಚಗಿದ್ದರು. ಗೆದ್ದವನು ಹೊರಗೆ ಮಳೆಯಲ್ಲಿ ನಿಂತು ಪ್ರಶಸ್ತಿ ಪಡೆದನು. ಆ ಚಿತ್ರವನ್ನು ಪತ್ರಿಕೆಗಳಲ್ಲಿ ಕಂಡು ಜಗತ್ತೇ ನಾಚಿತು. ಅವನು ಮೈದಾನದ ಯಾವ ನಿಯಮವನ್ನೂ ಮುರಿದಿರಲಿಲ್ಲ. ಮುರಿದವರು ಯಾರೆಂಬುದನ್ನು ಓದುಗರೇ ಹೇಳಲಿ.

1744ರಲ್ಲಿ ಆ ಹದಿಮೂರು ನಿಯಮಗಳನ್ನು ಬರೆದ ಎಡಿನ್‌ಬರೊ ಮಂಡಲಿ ಇಂದಿಗೂ ಮ್ಯೂರ್‌ಫೀಲ್ಡ್ ಎಂಬಲ್ಲಿದೆ. ಸ್ತ್ರೀಯರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಬೇಕೇ ಎಂದು 2016ರಲ್ಲಿ ಅಲ್ಲಿ ಮತ ಹಾಕಿದಾಗ ಬೇಕಾದಷ್ಟು ಬಹುಮತ ದೊರೆಯಲಿಲ್ಲ. ಓಪನ್ ಸ್ಪರ್ಧೆಯನ್ನು ಇನ್ನು ಅಲ್ಲಿ ನಡೆಸುವುದಿಲ್ಲವೆಂದು ಆಟದ ಆಡಳಿತದವರು ಹೇಳಿದ ಮೇಲೆ, 2017ರಲ್ಲಿ ಮತ್ತೆ ಮತ ಹಾಕಿ ಒಪ್ಪಿದರು. ಎದುರಾಳಿಯೊಡನೆ ಹೇಗೆ ನಡೆದುಕೊಳ್ಳಬೇಕೆಂದು ಜಗತ್ತಿಗೆ ಕಲಿಸಿದವರಿಗೆ, ತಮ್ಮ ಮನೆಯ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಲು 273 ವರ್ಷಗಳು ಬೇಕಾದವು.

ಬಾಗಿಲು ತೆರೆದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. ಬೆಂಗಳೂರಿನ ಸಿ. ಮುನಿಯಪ್ಪನವರು ಒಂದು ಕಾಲಕ್ಕೆ ಇತರರ ದಾಂಡಿನ ಚೀಲ ಹೊರುತ್ತಿದ್ದವರು. 2009ರಲ್ಲಿ ಅವರು ಇಂಡಿಯನ್ ಓಪನ್ ಗೆದ್ದರು. ಇನ್ನು ನಮ್ಮ ನೆರೆಯ ಕೊಲ್ಲಾಪುರದ ಕಥೆಯನ್ನಂತೂ ಮರೆಯುವಂತಿಲ್ಲ. ನೀರು ಮುಟ್ಟಿದನೆಂದು ಪೆಟ್ಟು ತಿಂದ ಗಂಗಾರಾಮ ಕಾಂಬಳೆಯವರಿಗೆ ಶಾಹೂ ಮಹಾರಾಜರು ಚಹದಂಗಡಿ ಹಾಕಿಸಿಕೊಟ್ಟು, ತಾವೇ ಅಲ್ಲಿಗೆ ಹೋಗಿ ಚಹ ಕುಡಿದರು, ಜೊತೆಗಿದ್ದವರಿಗೂ ಕುಡಿಸಿದರು. ಭಾಷಣ ಮಾಡದೆ ಒಂದು ಕಪ್ಪು ಚಹದಿಂದ ಹಳೆಯ ನಡಾವಳಿಯೊಂದನ್ನು ಮುರಿದು ಹೊಸದೊಂದನ್ನು ಕಟ್ಟಿದರು.

ಇಷ್ಟೆಲ್ಲ ಬರೆದ ಮೇಲೆ ನಮ್ಮ ತಪ್ಪನ್ನೂ ಹೇಳದಿದ್ದರೆ ಬಾಬಿ ಜೋನ್ಸನ ಹೆಸರೆತ್ತುವ ಅಧಿಕಾರ ನಮಗಿಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ಗಡಿಭಾಗದ ಒಂದು ಕನ್ನಡ ಶಾಲೆಯಲ್ಲಿ ನಾವು ಮುಖ್ಯಾಧ್ಯಾಪಕರಾಗಿದ್ದೆವು. ಸಮವಸ್ತ್ರವಿಲ್ಲದವರು ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಬಾರದೆಂದು ನಾವೇ ನಿಯಮ ಮಾಡಿದ್ದೆವು. ಕಬ್ಬು ಕಡಿಯುವವರ ಮನೆಯ ಹುಡುಗನೊಬ್ಬನು ಒಂದು ವಾರ ಬಣ್ಣದ ಅಂಗಿಯಲ್ಲಿಯೇ ಬಂದನು. ದಿನವೂ ಅವನನ್ನು ಗೇಟಿನ ಹೊರಗೆ ನಿಲ್ಲಿಸಿದೆವು. ಆರನೆಯ ದಿನ ನಾವು ಆ ಕಡೆ ನೋಡಿದಾಗ, ಅವನು ಗೇಟಿನ ಹೊರಗೆ ಕೈಜೋಡಿಸಿ, ಕಣ್ಣುಮುಚ್ಚಿ, ಒಳಗಿನವರೊಡನೆ ಪ್ರಾರ್ಥನೆ ಹೇಳುತ್ತಿದ್ದನು. ಒಳಗಿನ ಸಾಲಿನಲ್ಲಿ ಸಮವಸ್ತ್ರ ತೊಟ್ಟವರು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ನಿಯಮ ಪಾಲಿಸಿದವರು ಯಾರು ಎಂಬ ಪ್ರಶ್ನೆ ಅಂದೇ ನಮ್ಮೆದುರು ನಿಂತಿತು. ಮರುದಿನ ಅವನನ್ನು ಒಳಗೆ ಕರೆಯಬೇಕೆಂದುಕೊಂಡೆವು, ಅವನು ಬರಲಿಲ್ಲ. ಮನೆಯವರು ಕಬ್ಬಿನ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದರು. ಆ ದಂಡವನ್ನು ನಮ್ಮ ಮೇಲೆ ಹಾಕಿಕೊಳ್ಳಲು ಈವರೆಗೆ ತಡಮಾಡಿದೆವು.

ಇಂದು ಕುಪವಾಡದ ಕಾರ್ಖಾನೆಗಳಲ್ಲಿ ಅಥಣಿಯಿಂದ, ಜತ್ತಿನಿಂದ, ವಿಜಯಪುರದ ಕಡೆಯಿಂದ ಬಂದ ಕನ್ನಡದ ಮಕ್ಕಳು ದುಡಿಯುತ್ತಿದ್ದಾರೆ. ಪಾಳಿ ಮುಗಿಸಿ, ಎಣ್ಣೆ ಮೆತ್ತಿದ ಅಂಗಿಯಲ್ಲಿ ಸಂಘದ ಕಾರ್ಯಕ್ರಮಕ್ಕೆ ಬಂದವನು ಬಾಗಿಲಲ್ಲಿಯೇ ನಿಂತು ಕೇಳಿ ಹೋಗುವುದನ್ನು ನಾವು ಕಂಡಿದ್ದೇವೆ. ಮರಾಠಿ ಶಾಲೆಯಲ್ಲಿ ಕಲಿಯುವ ನಮ್ಮ ಮೊಮ್ಮಕ್ಕಳು, ತಮ್ಮ ಕನ್ನಡದಲ್ಲಿ ಮರಾಠಿ ಬೆರೆತೀತೆಂದು ಅಂಜಿ ವೇದಿಕೆ ಹತ್ತುವುದಿಲ್ಲ. ಅವರನ್ನು ಯಾರೂ ತಡೆದಿಲ್ಲ, ನಿಜ. ಆದರೆ ನಕ್ಕರೆ ಸಾಕು, ಅದೂ ಒಂದು ಬಾಗಿಲೇ.

ಆದ್ದರಿಂದ ತರುಣರು ಕೇಳಿದ ನಿಯಮಗಳನ್ನು ಇಲ್ಲಿಯೇ ಒಪ್ಪಿಸುತ್ತಿದ್ದೇವೆ. ಒಬ್ಬರು ಮಾತನಾಡುವಾಗ ಉಳಿದವರು ಸುಮ್ಮನಿರಬೇಕು. ಹಿಂದೆ ಉಳಿದವರಿಗೆ ಮೊದಲ ಅವಕಾಶ ಕೊಡಬೇಕು, ದೂರದ ಚೆಂಡಿನವನು ಮೊದಲು ಹೊಡೆಯುವಂತೆ. ನಾವು ಕೆದಕಿದ ನೆಲವನ್ನು ನಾವೇ ಸರಿಪಡಿಸಿ ಹೋಗಬೇಕು. ಅದು ಸಭಾಂಗಣದ ಕುರ್ಚಿಯಾಗಿರಲಿ, ಮನಸ್ಸಾಗಿರಲಿ. ತಿಳಿದವರು ತಡವಾಗಿ ನಡೆಯುತ್ತಿದ್ದರೆ ಕಿರಿಯರಿಗೆ ದಾರಿ ಬಿಡಬೇಕು. ಸಂಘದ ಲೆಕ್ಕವನ್ನು ಯಾರೂ ನೋಡದಿದ್ದರೂ ಸರಿಯಾಗಿ ಇಡಬೇಕು. ಕನ್ನಡ ಎಲ್ಲಿ ಹೇಗೆ ಬಿದ್ದಿದೆಯೋ ಅಲ್ಲಿಂದಲೇ ಆಡಬೇಕು. ಮರಾಠಿ ಬೆರೆತಿದ್ದರೆ ಅಲ್ಲಿಂದಲೇ ಮುಂದೆ ಸಾಗಬೇಕು.

ಉಡುಪಿನ ನಿಯಮ ಬರೆದಿಲ್ಲ. ಬಾಗಿಲಿನ ನಿಯಮವೂ ಇಲ್ಲ. ಸಮ್ಮೇಳನದ ಈ ಎರಡು ದಿನಗಳಲ್ಲಿ ಯಾರಾದರೂ ಹೊರಗೆ ನಿಂತದ್ದು ಕಂಡರೆ, ಓದುಗರು ಎದ್ದುಹೋಗಿ ಅವರನ್ನು ಕೈಹಿಡಿದು ಒಳಗೆ ಕರೆತಂದು ಪಕ್ಕದಲ್ಲಿ ಕೂರಿಸಿಕೊಳ್ಳಬೇಕೆಂದು ನಮ್ಮ ಪ್ರಾರ್ಥನೆ.