ತಗ್ಗಿಸಿದ ಕಾರು ಮತ್ತು ಹಿಂದಿನ ಚಕ್ರದ ಕಥೆ



ಭಾನುವಾರ ಬೆಳಿಗ್ಗೆ ಲಾಸ್ ಆಲ್ಟೋಸ್‌ನ ಫುಟ್‌ಹಿಲ್ ಎಕ್ಸ್‌ಪ್ರೆಸ್‌ವೇ ಪಕ್ಕ ನಿಂತು ನೋಡಿ. ಪೇಜ್ ಮಿಲ್ ರಸ್ತೆ ಹಿಡಿದು ಸ್ಕೈಲೈನ್ ಬೆಟ್ಟಕ್ಕೆ ಹೊರಟ ಸ್ಪೋರ್ಟ್ಸ್ ಕಾರುಗಳು ಕಾಣುತ್ತವೆ. ಕೆಲವಂತೂ ನೆಲಕ್ಕೆ ಅಂಟಿಕೊಂಡಷ್ಟು ತಗ್ಗು. ನಿಮ್ಮಲ್ಲಿಯೂ ಯಾರಾದರೂ ಮೊದಲ ಸಂಬಳದಲ್ಲಿ ಹಳೆಯ ಮಿಯಾಟಾ ಕೊಂಡು, ಅದಕ್ಕೆ ಗಿಡ್ಡ ಸ್ಪ್ರಿಂಗ್ ಹಾಕಿಸುವ ಯೋಚನೆಯಲ್ಲಿರಬಹುದು. ಹಾಕಿಸುವ ಮುನ್ನ ಒಂದಿಷ್ಟು ಇತಿಹಾಸ ಕೇಳಿ.

ಕಾರು ತಗ್ಗಿಸುವುದು ಕ್ಯಾಲಿಫೋರ್ನಿಯಾಕ್ಕೆ ಹೊಸದಲ್ಲ. 1958ರಲ್ಲಿ ಇಲ್ಲಿ ಅದನ್ನು ತಡೆಯಲು ಕಾನೂನೇ ಬಂತು: ಮಾರ್ಪಡಿಸಿದ ಕಾರಿನ ಯಾವ ಭಾಗವೂ ಚಕ್ರದ ರಿಮ್‌ನ ಕೆಳ ಅಂಚಿಗಿಂತ ಕೆಳಗೆ ಇಳಿಯಬಾರದು. ಅದರ ಬಿಸಿ ತಟ್ಟಿದ್ದು ಹೆಚ್ಚಾಗಿ ಮೆಕ್ಸಿಕನ್ ಮೂಲದ ಯುವಕರ ಲೋರೈಡರ್ ಕಾರುಗಳಿಗೆ. ಮರುವರ್ಷವೇ ರಾನ್ ಅಗಿರ್ರೆ ತಮ್ಮ ಕಾರ್ವೆಟ್ ಸ್ಪೋರ್ಟ್ಸ್ ಕಾರಿಗೆ ಹೈಡ್ರಾಲಿಕ್ಸ್ ಜೋಡಿಸಿದರು. ಪೊಲೀಸರು ಕಂಡರೆ ಕಾರನ್ನು ಮೇಲೆತ್ತಬಹುದು, ಹೋದ ಮೇಲೆ ಇಳಿಸಬಹುದು!

ಆ ಕಾನೂನು ನೋಡಿದ್ದು ಎತ್ತರವನ್ನಷ್ಟೇ. ಆದರೆ ಕಾರು ತಗ್ಗಿದಾಗ ಹಿಂದಿನ ಚಕ್ರದ ಕೋನವೂ ಬದಲಾಗಬಹುದು. ಅಪಾಯ ಇರುವುದು ಅಲ್ಲಿ.

ನಿಮ್ಮ ಅಪ್ಪ ಅಮ್ಮ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಓಡಾಡಿದ ಅಂಬಾಸಿಡರ್ ಕಾರನ್ನು ನೆನಪಿಸಿಕೊಳ್ಳಲು ಹೇಳಿ. ಎತ್ತಿನ ಗಾಡಿಯಂತೆ ಅದರ ಹಿಂದಿನ ಎರಡೂ ಚಕ್ರಗಳನ್ನು ಹಿಡಿದಿದ್ದದ್ದು ಒಂದೇ ಗಟ್ಟಿ ಅಚ್ಚು. ಭಾರ ಹೊರಲು ಲೀಫ್ ಸ್ಪ್ರಿಂಗ್. ಏಳು ಜನ ಹತ್ತಿ ಕಾರು ಕುಸಿದರೂ ಚಕ್ರ ನೆಟ್ಟಗೇ ನಿಲ್ಲುತ್ತಿತ್ತು.

ಪೋರ್ಷೆ 356 ಹಾಗಲ್ಲ. ಅದರಲ್ಲಿ ಪ್ರತಿ ಹಿಂಚಕ್ರಕ್ಕೂ ಬೇರೆ ಅರ್ಧ ಅಚ್ಚು. ಅದು ಗೇರ್‌ಬಾಕ್ಸ್ ಪಕ್ಕದಲ್ಲಿ ಬಾಗಿಲಿನ ಕೀಲಿನಂತೆ ಮಡಚುತ್ತದೆ. ಇದೇ ಸ್ವಿಂಗ್ ಆಕ್ಸಲ್. ಕಾರು ಕೆಳಗಿಳಿದರೆ ಚಕ್ರಗಳು ಕಾಲು ಅಗಲಿಸಿ ನಿಂತ ಹಾಗೆ ವಾಲುತ್ತವೆ. ತಿರುವಿನಲ್ಲಿ ಹಿಂಭಾಗ ಮೇಲೆದ್ದರೆ ಹೊರಗಿನ ಚಕ್ರ ಒಳಕ್ಕೆ ಮಡಚಿಕೊಂಡು ಹಿಡಿತ ಕಳೆದುಕೊಳ್ಳುತ್ತದೆ. ಇದನ್ನು ತಡೆಯಲು 1960ರ ಸೂಪರ್ 90 ಮಾದರಿಗೆ ಪೋರ್ಷೆ ಒಂದು ಅಡ್ಡ ಲೀಫ್ ಸ್ಪ್ರಿಂಗ್ ಕೊಟ್ಟಿತು. ಹೆಸರು ಕ್ಯಾಂಬರ್ ಕಾಂಪೆನ್ಸೇಟರ್. ಅದೇ ಬಗೆಯ ಅಚ್ಚಿದ್ದ ಫೋಕ್ಸ್‌ವ್ಯಾಗನ್ ಬೀಟಲ್‌ಗೂ ಇಂಥದನ್ನು ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನ ಎಂಪಿ ಕಂಪನಿ ಮಾರುತ್ತಿತ್ತು.

ಅದೇ ಕಾಲಕ್ಕೆ ಷೆವ್ರೊಲೆ ಕೋರ್ವೇರ್ ಬಂತು. ಅದಕ್ಕೂ ಸ್ವಿಂಗ್ ಆಕ್ಸಲ್, ಆದರೆ ಅಡ್ಡ ಸ್ಪ್ರಿಂಗ್ ಇಲ್ಲ. ಬದಲಿಗೆ ಮುಂದಿನ ಟೈರಿಗೆ 15 ಪಿಎಸ್‌ಐ, ಹಿಂದಿನದಕ್ಕೆ 26 ಪಿಎಸ್‌ಐ ಗಾಳಿ ಇರಬೇಕೆಂಬ ಸೂಚನೆ. ಎಷ್ಟು ಜನ ಮಾಲೀಕರು ಅದನ್ನು ಪಾಲಿಸಿಯಾರು? 1964ರ ಮಾದರಿಗೆ ಅಡ್ಡ ಸ್ಪ್ರಿಂಗ್ ಸೇರಿತು, 1965ರ ಮಾದರಿಗೆ ಹಿಂದಿನ ಸಸ್ಪೆನ್ಷನ್ನೇ ಹೊಸದಾಯಿತು. ಕೋರ್ವೇರನ್ನು ಕಟುವಾಗಿ ಟೀಕಿಸಿದ ರಾಲ್ಫ್ ನೇಡರ್ ಅವರ ಪುಸ್ತಕ ಹೊರಬಂದದ್ದು ಅದರ ನಂತರ, 1965ರ ನವೆಂಬರಿನಲ್ಲಿ. 1966ರಲ್ಲಿ ಅಮೆರಿಕಕ್ಕೆ ವಾಹನ ಸುರಕ್ಷತಾ ಕಾನೂನು ಬಂತು. ಕೋರ್ವೇರ್ ತನ್ನ ಕಾಲದ ಇತರ ಕಾರುಗಳಿಗಿಂತ ಕೆಟ್ಟದ್ದಾಗಿರಲಿಲ್ಲ ಎಂದು 1972ರ ಸರ್ಕಾರಿ ವರದಿ ಹೇಳಿತು. ಅಷ್ಟರಲ್ಲಿ ಆ ಕಾರಿನ ತಯಾರಿಕೆಯೇ ನಿಂತಿತ್ತು.

ಈಗ ನಿಮ್ಮ ಮಿಯಾಟಾಗೆ ಬರೋಣ. ಅದಕ್ಕಿರುವುದು ಡಬಲ್ ವಿಶ್‌ಬೋನ್, ಸ್ವಿಂಗ್ ಆಕ್ಸಲ್‌ಗಿಂತ ಎಷ್ಟೋ ಮೇಲು. ಆದರೂ ತಗ್ಗಿಸಿದರೆ ಹಿಂಚಕ್ರದ ಮೇಲ್ಭಾಗ ಒಳಕ್ಕೆ ವಾಲುತ್ತದೆ, ಚಕ್ರ ನೋಡುವ ದಿಕ್ಕು, ಅಂದರೆ ಟೋ, ಬದಲಾಗುತ್ತದೆ. ಟೈರಿನ ಒಳ ಅಂಚು ಸದ್ದಿಲ್ಲದೆ ಸವೆಯುತ್ತದೆ. ಆದ್ದರಿಂದ ಸ್ಪ್ರಿಂಗ್ ಒಂದನ್ನೇ ಬದಲಿಸಬೇಡಿ. ಅದಕ್ಕೆ ಹೊಂದುವ ಡ್ಯಾಂಪರ್, ಗಿಡ್ಡ ಬಂಪ್ ಸ್ಟಾಪ್ ಬೇಕು. ಇರುವ ಬೋಲ್ಟುಗಳಲ್ಲಿ ಕೋನ ಸರಿಹೊಂದದಿದ್ದರೆ ಹೊಂದಿಸಬಹುದಾದ ಆರ್ಮ್‌ಗಳು ಬೇಕು. ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರು ಜಾಕ್ ಮೇಲೆ ತೂಗುತ್ತಿರುವಾಗ ಪೂರ್ತಿ ಬಿಗಿಯಬಾರದು. ಕಾರಿನ ಭಾರ ಚಕ್ರಗಳ ಮೇಲೆ ಕೂತ ಮೇಲೆ ಬಿಗಿಯಬೇಕು. ಇಲ್ಲವಾದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಅಂಕಿಗಳ ಚೀಟಿ ಕೇಳಿ ಪಡೆಯಿರಿ.

1958ರ ಆ ಕಾನೂನು 2024ರ ಜನವರಿ 1ರಂದು ರದ್ದಾಯಿತು. ಲೋರೈಡರ್ ಸಮುದಾಯ ವರ್ಷಗಟ್ಟಲೆ ಹೋರಾಡಿ ಗಳಿಸಿದ್ದು ಇದು. ಅದರ ಲಾಭ ನಮಗೂ ಸಿಕ್ಕಿದೆ. ಎತ್ತರ ಎಷ್ಟಿರಬೇಕೆಂಬುದು ಈಗ ನಿಮಗೆ ಬಿಟ್ಟದ್ದು. ಸ್ಕೈಲೈನ್‌ನ ತಿರುವಿಗೆ ಹೋಗುವ ಮುನ್ನ ಕೋನವನ್ನೂ ಒಮ್ಮೆ ಅಳೆಸಿ ನೋಡಿ.