ಕೊಂಡ ವಸ್ತು ಕೆಟ್ಟಾಗ: ರಿಪೇರಿಯ ಹಕ್ಕು ಮತ್ತು ಗಡಿಭಾಗದ ಗ್ರಾಹಕರು

ಕಂಬದೂರಿನವರಿಗೆ ಸಂತೆ-ಪೇಟೆಯ ವಿಷಯದಲ್ಲಿ ರಾಜ್ಯದ ಗಡಿ ಲೆಕ್ಕಕ್ಕಿಲ್ಲ. ಒಂದು ಕೆಲಸಕ್ಕೆ ಕಲ್ಯಾಣದುರ್ಗ, ಇನ್ನೊಂದಕ್ಕೆ ಪಾವಗಡ, ದೊಡ್ಡ ಖರೀದಿ ಇದ್ದರೆ ಅನಂತಪುರ ಇಲ್ಲವೇ ಬೆಂಗಳೂರು. ಹಿಂದೂಪುರ, ಮಡಕಶಿರಾ, ರಾಯದುರ್ಗದ ಬಂಧುಗಳದ್ದೂ ಇದೇ ಕಥೆ. ಆದರೆ ಕೊಂಡ ವಸ್ತು ಕೆಟ್ಟ ದಿನ ಮಾತ್ರ ಗಡಿ ಎದುರಿಗೆ ಬಂದು ನಿಲ್ಲುತ್ತದೆ. "ನಿಮ್ಮೂರು ನಮ್ಮ ಸರ್ವಿಸ್ ಏರಿಯಾಗೆ ಬರಲ್ಲ", "ಕೊಂಡ ಅಂಗಡೀಲೇ ಕೇಳ್ರಿ", "ಈ ಪಾರ್ಟ್ ಈಗ ಬರ್ತಿಲ್ಲ, ಹೊಸದೇ ತಗೊಳ್ರಿ" ಎಂಬ ಮಾತುಗಳನ್ನು ಕೇಳದ ಮನೆ ನಮ್ಮಲ್ಲಿ ಇರಲಾರದು. ಹೀಗೆ ಹೇಳಿಸಿಕೊಂಡು ಸುಮ್ಮನೆ ಮನೆಗೆ ಬರಬೇಕಾಗಿಲ್ಲ. ಸದಸ್ಯರಿಗೆ ಉಪಯೋಗವಾಗಲೆಂದು ಈ ಮಾಹಿತಿಯನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ರಿಪೇರಿಯ ಹಕ್ಕು ಎಂದರೇನು?

ದುಡ್ಡು ಕೊಟ್ಟು ಕೊಂಡ ವಸ್ತು ನಮ್ಮದು. ಅದು ಕೆಟ್ಟರೆ ಕಂಪನಿಯವರಲ್ಲೇ ಆಗಲಿ, ನಮ್ಮೂರಿನ ಮೆಕ್ಯಾನಿಕ್ ಕೈಯಲ್ಲೇ ಆಗಲಿ, ನಾವೇ ಆಗಲಿ ಸರಿಮಾಡಿಸಿಕೊಳ್ಳಲು ಸಾಧ್ಯವಾಗಬೇಕು. ಅದಕ್ಕೆ ಬೇಕಾದ ಬಿಡಿಭಾಗ, ಉಪಕರಣ, ರಿಪೇರಿಯ ಮಾಹಿತಿ ನ್ಯಾಯವಾದ ಬೆಲೆಗೆ ಸಿಗಬೇಕು. ರಿಪೇರಿಯ ಹಕ್ಕು ಎಂದರೆ ಇಷ್ಟೇ. ಬಿಡಿಭಾಗವನ್ನು ಬಿಗಿಹಿಡಿದರೆ, ಬ್ಯಾಟರಿಯನ್ನು ಬಿಚ್ಚಲಾಗದಂತೆ ಅಂಟಿಸಿದರೆ, ಸಾಫ್ಟ್‌ವೇರಿಗೆ ಬೀಗ ಹಾಕಿದರೆ ವಸ್ತು ಹೆಸರಿಗೆ ಮಾತ್ರ ನಮ್ಮದು.

ಈ ಕೂಗು ಎಲ್ಲ ಕಡೆಯೂ ಇದೆ. ಅಮೆರಿಕದ ರೈತರು ತಮ್ಮ ಟ್ರ್ಯಾಕ್ಟರನ್ನು ತಾವೇ ರಿಪೇರಿ ಮಾಡಿಕೊಳ್ಳಲು ಬಿಡಿ ಎಂದು ವರ್ಷಗಟ್ಟಲೆ ಹೋರಾಡಿದರು. ಅಲ್ಲಿನ ಕೊಲರಾಡೊ ರಾಜ್ಯ 2023ರಲ್ಲಿ ಕೃಷಿ ಯಂತ್ರಗಳಿಗೆಂದೇ ಇಂಥ ಕಾನೂನು ಮಾಡಿತು. ಫ್ರಾನ್ಸಿನಲ್ಲಿ 2021ರಲ್ಲಿ ಮೊಬೈಲ್, ಲ್ಯಾಪ್‌ಟಾಪ್, ವಾಷಿಂಗ್ ಮೆಷೀನಿನಂಥ ವಸ್ತುಗಳ ಜೊತೆ "ಇದನ್ನು ರಿಪೇರಿ ಮಾಡುವುದು ಎಷ್ಟು ಸುಲಭ" ಎಂಬ ಅಂಕ ತೋರಿಸಬೇಕೆಂಬ ನಿಯಮ ಬಂತು. ಯುರೋಪಿನ ಒಕ್ಕೂಟ 2024ರಲ್ಲಿ ರಿಪೇರಿಗೆಂದೇ ನಿರ್ದೇಶನ ಹೊರಡಿಸಿತು.

ನಮ್ಮ ದೇಶದಲ್ಲಿ ಎಲ್ಲಿಗೆ ಬಂದಿದೆ?

ನಮ್ಮಲ್ಲಿ ಇದಕ್ಕೆ ಪ್ರತ್ಯೇಕ ಕಾಯ್ದೆ ಇಲ್ಲ. ಆದರೂ ಕೆಲವು ಹೆಜ್ಜೆಗಳು ಬಿದ್ದಿವೆ.

2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಅಸಲಿ ಬಿಡಿಭಾಗಗಳನ್ನೂ ದೋಷ ಪತ್ತೆಹಚ್ಚುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಎಂಬುದು ಆಯೋಗದ ನಿರ್ಣಯ. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಮಾಡುವಂತಿಲ್ಲ ಎಂದೂ ಆ ಆದೇಶದಲ್ಲಿತ್ತು. ಪ್ರಕರಣ ಮುಂದೆ ಮೇಲ್ಮನವಿಗಳಿಗೆ ಹೋಯಿತಾದರೂ ದಾರಿ ತೋರಿಸಿದ್ದು ಅದೇ.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿ ಸಮಿತಿ ರಚಿಸಿತು. ಮೊದಲಿಗೆ ಆರಿಸಿಕೊಂಡದ್ದು ನಾಲ್ಕು ವಲಯ: ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ಉಪಕರಣ, ವಾಹನ. ಅದೇ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು "ರೈಟ್ ಟು ರಿಪೇರ್ ಇಂಡಿಯಾ" ಎಂಬ ಸರ್ಕಾರಿ ಜಾಲತಾಣ ಆರಂಭವಾಯಿತು. ಸೇರಿಕೊಂಡ ಕಂಪನಿಗಳ ಸರ್ವಿಸ್ ವಿವರ, ಬಿಡಿಭಾಗ ಮತ್ತು ವಾರಂಟಿಯ ಮಾಹಿತಿ ಅಲ್ಲಿ ಸಿಗುತ್ತದೆ. ಮೊಬೈಲ್, ಟ್ಯಾಬ್ಲೆಟ್‌ಗಳಿಗೆ ನಮ್ಮಲ್ಲೂ ರಿಪೇರಿ ಅಂಕ ಕೊಡುವ ಬಗ್ಗೆ ಇನ್ನೊಂದು ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಒಪ್ಪಿಸಿದೆ.

ನಮ್ಮ ಕೈಗೆ ನಿಜವಾದ ಬಲ ಕೊಡುವುದು 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019.

ಬೋರಿನ ಮೋಟಾರಿನ ಉದಾಹರಣೆ

ಮೊಬೈಲ್ ಕೆಟ್ಟರೆ ನಾಲ್ಕು ದಿನ ಹೇಗೋ ಕಳೆಯಬಹುದು. ಕಡಲೆಕಾಯಿ ಹೂ ಬಿಟ್ಟು ಊಡು ಇಳಿಯುವ ಹೊತ್ತಿಗೆ ಬೋರಿನ ಮೋಟಾರು ಸುಟ್ಟರೆ ನಾಲ್ಕು ದಿನದಲ್ಲಿ ವರ್ಷದ ಅನ್ನವೇ ಹೋಗುತ್ತದೆ. ಆದ್ದರಿಂದ ನಮ್ಮ ಸೀಮೆಯಲ್ಲಿ ರಿಪೇರಿಯ ಹಕ್ಕಿನ ದೊಡ್ಡ ಪ್ರಶ್ನೆ ಮೋಟಾರಿನದು.

ಮೋಟಾರು ಸುಡಲು ಸಾಮಾನ್ಯ ಕಾರಣಗಳು ಗೊತ್ತಿರುವವೇ: ವೋಲ್ಟೇಜ್ ಕಡಿಮೆ ಬರುವುದು, ಮೂರು ಫೇಸಿನಲ್ಲಿ ಒಂದು ತಪ್ಪುವುದು, ಬೋರಿನಲ್ಲಿ ನೀರು ಇಳಿದು ಬರಿದೇ ಓಡುವುದು, ಮರಳು ಸೇರಿ ಬುಷ್ ಸವೆಯುವುದು. ನಮ್ಮ ಪೇಟೆಗಳ ವೈಂಡಿಂಗ್ ಅಂಗಡಿಯವರು ಮೊದಲಿನ ಗೇಜಿನ ತಂತಿಯನ್ನೇ, ಅಷ್ಟೇ ಸುತ್ತು ಸುತ್ತಿ ಇಂಥ ಮೋಟಾರುಗಳಿಗೆ ಮತ್ತೆ ಜೀವ ಕೊಡುತ್ತಾರೆ. ಬುಷ್, ಥ್ರಸ್ಟ್ ಬೇರಿಂಗ್, ಸೀಲ್ ಸಿಕ್ಕಿದರೆ ಹಳೆಯ ಮೋಟಾರು ಇನ್ನೂ ಹಲವು ಬೆಳೆಗೆ ನೀರೆತ್ತುತ್ತದೆ. ಅದೇ ಕಂಪನಿಯ ಭಾಗ ಸಿಗದೇ ಹೋದರೆ ಅಷ್ಟೂ ಗುಜರಿ.

ವಾರಂಟಿ ಇರುವ ಮೋಟಾರು ಸುಟ್ಟಾಗ ರೈತ ಇಕ್ಕಟ್ಟಿಗೆ ಸಿಗುತ್ತಾನೆ. ಹೊರಗೆ ಬಿಚ್ಚಿಸಿದರೆ ವಾರಂಟಿ ಹೋಯಿತು ಅನ್ನುತ್ತಾರೆ. ಕಂಪನಿಯವರ ದಾರಿ ಕಾದರೆ ಬೆಳೆ ಒಣಗುತ್ತದೆ. ಅದಕ್ಕೆ ಕ್ರಮ ಹೀಗಿರಲಿ:

• ಮೋಟಾರು ಮೇಲೆತ್ತಿದ ದಿನವೇ ಅಂಗಡಿಗೂ ಕಂಪನಿಗೂ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ಬರೀ ಫೋನಿನ ಮಾತು ಸಾಲದು. ಮೆಸೇಜ್, ವಾಟ್ಸಾಪ್, ಇಮೇಲ್ ಯಾವುದಾದರೂ ಬರಹದಲ್ಲಿರಲಿ.
• ಹೆಸರಿನ ಪ್ಲೇಟು, ಸೀರಿಯಲ್ ನಂಬರು, ಸೀಲ್ ಇವುಗಳ ಫೋಟೋ ತೆಗೆಯಿರಿ.
• ಬೆಳೆಗೆ ಎಷ್ಟು ದಿನದೊಳಗೆ ನೀರು ಬೇಕು ಎಂಬುದನ್ನು ದೂರಿನಲ್ಲೇ ಬರೆಯಿರಿ. ಕಾದು ಬೇರೆ ದಾರಿಯಿಲ್ಲದೆ ಹೊರಗೆ ರಿಪೇರಿ ಮಾಡಿಸಿದಿರಿ ಎನ್ನಲು ಮುಂದೆ ಅದೇ ಸಾಕ್ಷಿ.
• ಹೊರಗೆ ಮಾಡಿಸಿದರೆ ಬಿಚ್ಚುವ ಮುಂಚೆ, ಬಿಚ್ಚಿದ ಮೇಲೆ ಫೋಟೋ ಇರಲಿ. ಮೆಕ್ಯಾನಿಕ್ ಕೈಯಲ್ಲಿ ಏನು ಕೆಟ್ಟಿತ್ತು ಎಂದು ಬರೆಸಿಕೊಳ್ಳಿ. ಸುಟ್ಟ ತಂತಿ, ಸವೆದ ಭಾಗಗಳನ್ನು ಗುಜರಿಗೆ ಹಾಕಬೇಡಿ. ಆಯೋಗ ದೋಷವನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬಹುದು.
• ಮೋಟಾರು ಎತ್ತಿ ಇಳಿಸಿದ ಕೂಲಿ, ಬಾಡಿಗೆಗೂ ರಸೀದಿ ಪಡೆಯಿರಿ. ಪರಿಹಾರ ಕೇಳುವಾಗ ಅದೂ ಲೆಕ್ಕಕ್ಕೆ ಬರುತ್ತದೆ.

"ಬೇಸಾಯ ವ್ಯಾಪಾರವಲ್ಲವೇ, ರೈತ ಹೇಗೆ ಗ್ರಾಹಕ?" ಎಂದು ಯಾರಾದರೂ ಕೇಳಬಹುದು. ಸ್ವಂತ ದುಡಿಮೆಯಿಂದ ಜೀವನ ನಡೆಸಲು ಕೊಂಡ ವಸ್ತುವನ್ನು ಕಾಯ್ದೆ ವ್ಯಾಪಾರದ ಉದ್ದೇಶದ್ದು ಎಂದು ಎಣಿಸುವುದಿಲ್ಲ. ಆಂಧ್ರದ ರೈತರು ಕಳಪೆ ಬೀಜದ ಬಗ್ಗೆ ಕೊಟ್ಟ ದೂರುಗಳಿಂದ ಬೆಳೆದ ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ, ರೈತರೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ತೀರ್ಪು ಕೊಟ್ಟಿದೆ.

ಕೊಂಡದ್ದು ಆ ರಾಜ್ಯದಲ್ಲಿ, ದೂರು ಯಾವ ರಾಜ್ಯದಲ್ಲಿ?

ಗಡಿಭಾಗದವರು ಮುಖ್ಯವಾಗಿ ತಿಳಿಯಬೇಕಾದದ್ದು ಇದು. 1986ರ ಹಳೆಯ ಕಾಯ್ದೆಯಲ್ಲಿ ಮಾರಾಟಗಾರ ಅಥವಾ ಕಂಪನಿ ಇರುವ ಕಡೆ, ಇಲ್ಲವೇ ವ್ಯವಹಾರ ನಡೆದ ಕಡೆ ದೂರು ಕೊಡಬೇಕಿತ್ತು. ಪಾವಗಡದ ಅಂಗಡಿಯ ಮೇಲೆ ದೂರಿದ್ದರೆ ಕಂಬದೂರಿನವರು ತುಮಕೂರಿಗೆ ಅಲೆಯಬೇಕಿತ್ತು. ಸಾವಿರ ರೂಪಾಯಿಯ ಮಿಕ್ಸಿಗೆ ಯಾರು ಅಲೆದಾರು?

2019ರ ಕಾಯ್ದೆಯ 34ನೇ ಕಲಂ ಇದನ್ನು ಬದಲಿಸಿತು. ದೂರುದಾರ ವಾಸವಿರುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಪಾವಗಡದಲ್ಲಿ ಕೊಂಡರೂ, ಬೆಂಗಳೂರಿನಲ್ಲಿ ಕೊಂಡರೂ, ಆನ್‌ಲೈನಿನಲ್ಲಿ ತರಿಸಿದರೂ ಕಂಬದೂರಿನವರ ದೂರು ಅನಂತಪುರದ ಜಿಲ್ಲಾ ಆಯೋಗದಲ್ಲಿ ನಿಲ್ಲುತ್ತದೆ. ಕಲ್ಯಾಣದುರ್ಗದಲ್ಲಿ ಕೊಂಡ ಪಾವಗಡದವರು ತುಮಕೂರಿನಲ್ಲಿ, ಮಂಗಳೂರಿನಲ್ಲಿ ಕೊಂಡ ಕಾಸರಗೋಡಿನವರು ಕಾಸರಗೋಡಿನಲ್ಲಿ, ಕಲಬುರಗಿಯಲ್ಲಿ ಕೊಂಡ ಅಕ್ಕಲಕೋಟೆಯವರು ಸೊಲ್ಲಾಪುರದಲ್ಲಿ ದೂರು ಕೊಡಬಹುದು.

ದೂರು ಕೊಡುವ ಮೆಟ್ಟಿಲುಗಳು

1. ಅಂಗಡಿ ಮತ್ತು ಕಂಪನಿ. ಪ್ಯಾಕ್ ಮಾಡಿ ಮಾರುವ ವಸ್ತುವಿನ ಡಬ್ಬದ ಮೇಲೆ ಗ್ರಾಹಕರ ದೂರಿಗೆಂದು ವಿಳಾಸ, ಫೋನ್ ಇರಲೇಬೇಕು. ಡಬ್ಬ ಎಸೆಯುವ ಮುಂಚೆ ಅದರ ಫೋಟೋ ಇಟ್ಟುಕೊಳ್ಳಿ.

2. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇದು ನ್ಯಾಯಾಲಯವಲ್ಲ, ಕಂಪನಿಯ ಮುಂದೆ ನಿಮ್ಮ ದೂರನ್ನು ಇಟ್ಟು ರಾಜಿಗೆ ಯತ್ನಿಸುತ್ತದೆ. ಎಷ್ಟೋ ಸಣ್ಣ ದೂರುಗಳಿಗೆ ಇಷ್ಟೇ ಸಾಕು.

3. ಜಿಲ್ಲಾ ಆಯೋಗ. ನೀವು ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಇಲ್ಲಿಗೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ವಕೀಲರನ್ನು ಇಟ್ಟುಕೊಳ್ಳುವುದು ಕಡ್ಡಾಯವಲ್ಲ. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು, ವಿಡಿಯೋ ಮೂಲಕ ವಿಚಾರಣೆಗೆ ಕೋರಬಹುದು. ದೋಷ ಸಾಬೀತಾದರೆ ಸರಿಮಾಡಿಕೊಡಲು, ಬೇರೆ ವಸ್ತು ಕೊಡಲು, ಹಣ ಮರಳಿಸಲು, ಪರಿಹಾರ ಕೊಡಲು ಆಯೋಗ ಆದೇಶಿಸಬಹುದು. ತೊಂದರೆ ಆದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು.

4. ರಾಜ್ಯ ಆಯೋಗ. ಜಿಲ್ಲಾ ಆಯೋಗದ ಆದೇಶ ಒಪ್ಪಿಗೆಯಾಗದಿದ್ದರೆ 45 ದಿನದೊಳಗೆ ಮೇಲ್ಮನವಿ.

ಪರೀಕ್ಷೆಯ ಅಗತ್ಯವಿಲ್ಲದ ದೂರನ್ನು 3 ತಿಂಗಳಲ್ಲಿ, ಪರೀಕ್ಷೆ ಬೇಕಾದುದನ್ನು 5 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಅದಕ್ಕಿಂತ ತಡವಾಗುವುದೂ ಉಂಟು. ಆದ್ದರಿಂದ ಮೊದಲೆರಡು ಮೆಟ್ಟಿಲಲ್ಲೇ ಬಗೆಹರಿಸಿಕೊಳ್ಳಲು ನೋಡಿ.

ಕೊಳ್ಳುವಾಗಲೇ ನೋಡಬೇಕಾದವು

• ಬಿಲ್ಲು ಕೇಳಿ ಪಡೆಯಿರಿ. ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿಲ್ಲದೆ ಉಳಿಸಿದ ತೆರಿಗೆ ಹಣ ವಸ್ತು ಕೆಟ್ಟ ದಿನ ದುಬಾರಿಯಾಗುತ್ತದೆ.
• "ಮಾರಿದ ಮಾಲು ವಾಪಸ್ಸಿಲ್ಲ" ಎಂಬ ಬರಹಕ್ಕೆ ಹೆದರಬೇಡಿ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ ಹಿಂಪಡೆಯಲು ನಿರಾಕರಿಸುವಂತಿಲ್ಲ.
• ವಾರಂಟಿ ಕಾರ್ಡಿಗೆ ಅಂಗಡಿಯ ಮುದ್ರೆ, ತಾರೀಖು ಹಾಕಿಸಿ. ಏನೇನು ಸೇರಿಲ್ಲ ಎಂಬ ಸಣ್ಣಕ್ಷರದ ಪಟ್ಟಿಯನ್ನು ಮನೆಯಲ್ಲಿ ಓದುವ ಮಕ್ಕಳಿಂದ ಓದಿಸಿ ಕೇಳಿ.
• ನಮ್ಮೂರಿಗೆ ಸರ್ವಿಸ್ ಉಂಟೇ, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ದುಡ್ಡು ಕೊಡುವ ಮುಂಚೆ ಕೇಳಿ.
• ನಮ್ಮ ವೈಂಡಿಂಗ್ ಅಂಗಡಿಯವರನ್ನು, ಮೊಬೈಲ್ ರಿಪೇರಿ ಹುಡುಗರನ್ನು ಕೇಳಿಯೇ ಕೊಳ್ಳಿ. ಯಾವ ಕಂಪನಿಯ ಭಾಗ ಸಿಗುತ್ತದೆ, ಯಾವುದರದ್ದು ಸಿಗುವುದಿಲ್ಲ ಎಂದು ಅವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ.

ಈ ಬರಹವನ್ನು ಗಡಿಯ ಆಚೆ ಈಚೆ ಇರುವ ಬಂಧುಗಳಿಗೆ, ಮುಖ್ಯವಾಗಿ ಹೊಸದಾಗಿ ಬೋರು ಕೊರೆಸಿದವರಿಗೆ ತಲುಪಿಸಿ. ಓದಲು ಬಾರದ ಹಿರಿಯರಿಗೆ ಒಮ್ಮೆ ಓದಿ ಹೇಳಿ. 1915 ಎಂಬ ನಾಲ್ಕು ಅಂಕಿಯನ್ನು ಸ್ಟಾರ್ಟರ್ ಡಬ್ಬದ ಒಳಬದಿಯಲ್ಲಿ ಬರೆದಿಟ್ಟರೆ ಬೇಕಾದ ದಿನ ಹುಡುಕಬೇಕಾಗಿಲ್ಲ.